ಗೂಡಿನ ಹರಾಜಿನ ತಂತ್ರಾಂಶದಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ ಮತ್ತು ಒಆರ್‌ಎಂ: ಎರಡನ್ನೂ ಹೊಂದಿಸುವ ಬಗೆ

ವೆಬ್ ತಂತ್ರಾಂಶ ಬರೆಯಲು ಕಲಿಯುವವರು ಡಿಪೆಂಡೆನ್ಸಿ ಇಂಜೆಕ್ಷನ್ ಮತ್ತು ಒಆರ್‌ಎಂ ಎರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ಪಾಠಗಳಾಗಿ ಕಲಿಯುತ್ತಾರೆ. ಒಂದು ಕ್ಲಾಸಿಗೆ ಬೇಕಾದ ಇತರ ಆಬ್ಜೆಕ್ಟುಗಳನ್ನು ಆ ಕ್ಲಾಸೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯುವ ಕ್ರಮಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರು 2004ರಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ರೂಢಿಗೆ ಬಂದಿತು. ಡೇಟಾಬೇಸಿನ ಸಾಲುಗಳನ್ನು ಆಬ್ಜೆಕ್ಟುಗಳಾಗಿ ಓದಿಕೊಟ್ಟು, ಆ ಆಬ್ಜೆಕ್ಟುಗಳಲ್ಲಿ ಆದ ಬದಲಾವಣೆಯನ್ನು ಮತ್ತೆ ಸಾಲುಗಳಿಗೆ ಬರೆಯುವ ಒಆರ್‌ಎಂ (ಆಬ್ಜೆಕ್ಟ್-ರಿಲೇಷನಲ್ ಮ್ಯಾಪಿಂಗ್) ವ್ಯವಸ್ಥೆ ಜಾವಾ ಲೋಕದಲ್ಲಿ ಜನಪ್ರಿಯವಾದದ್ದು 2001ರಲ್ಲಿ ಗ್ಯಾವಿನ್ ಕಿಂಗ್ ಆರಂಭಿಸಿದ ಹೈಬರ್ನೇಟ್‌ನಿಂದ. ಇವುಗಳಲ್ಲಿ ಯಾವುದನ್ನೂ ಬಿಡಿಯಾಗಿ ಕಲಿಯುವುದು ಕಷ್ಟವಲ್ಲ. ಎರಡೂ ಕೂಡುವ ಜಾಗದಲ್ಲಿ ತೊಡಕು ಹುಟ್ಟುತ್ತದೆ: ಸೆಷನ್ (ಒಂದು ಕೆಲಸಕ್ಕಾಗಿ ಒಆರ್‌ಎಂ ಡೇಟಾಬೇಸಿನೊಂದಿಗೆ ನಡೆಸುವ ವ್ಯವಹಾರ) ಮುಚ್ಚಿದೆ ಎಂಬ ದೋಷ ಸಂದೇಶ, ಡೇಟಾಬೇಸಿನ ಕನೆಕ್ಷನ್ ಸಿಗದೆ ನಿಂತುಹೋಗುವ ಪುಟಗಳು, ಅರ್ಧ ಮಾತ್ರ ದಾಖಲಾದ ಹಣದ ಲೆಕ್ಕ, ಇವೆಲ್ಲ ಬಹುಪಾಲು ಅಲ್ಲಿಯೇ ಹುಟ್ಟುವಂಥವು. ಆದ್ದರಿಂದ ಇವೆರಡನ್ನೂ ಜೋಡಿಸುವವರು ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಆರ್‌ಎಂನ ಸೆಷನ್ನನ್ನು ಯಾರು ತೆರೆಯುತ್ತಾರೆ, ಯಾರು ಮುಚ್ಚುತ್ತಾರೆ, ಅದು ತೆರೆದಿರುವಷ್ಟು ಹೊತ್ತು ಅದನ್ನು ಯಾರು ಯಾರು ಬಳಸುತ್ತಾರೆ?

ಉದಾಹರಣೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಹರಾಜನ್ನು ತೆಗೆದುಕೊಂಡಿದ್ದೇನೆ. ರಾಮನಗರದ ಮಾರುಕಟ್ಟೆಯ ಹಾಗೆಯೇ ಇದೂ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ರೈತರು ತಂದ ಗೂಡಿಗೆ ಲಾಟ್ ಸಂಖ್ಯೆ ಕೊಡುತ್ತಾರೆ. ಗೂಡಿನಿಂದ ನೂಲು ತೆಗೆಯುವ, ಪರವಾನಗಿ ಪಡೆದ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿ ಕೆ.ಜಿ.ಗೆ ಇಷ್ಟು ಎಂದು ಬೆಲೆ ನಮೂದಿಸುತ್ತಾರೆ. ರೈತ ಬೆಲೆಯನ್ನು ಒಪ್ಪಿದರೆ ತೂಕ ಮತ್ತು ಹಣದ ಲೆಕ್ಕ ನಡೆಯುತ್ತದೆ. ಇಲ್ಲಿ ನಾನು ವಿವರಿಸುವುದು ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡ ತಂತ್ರಾಂಶವನ್ನೇ ಹೊರತು ಮಾರುಕಟ್ಟೆಯಲ್ಲಿ ನಿಜವಾಗಿ ಬಳಕೆಯಲ್ಲಿರುವ ವ್ಯವಸ್ಥೆಯನ್ನಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿಗೆ ಗ್ರಂಥಾಲಯ ನಿರ್ವಹಣೆಯಂಥ ವಿಷಯಗಳ ಬದಲು ಇಂಥದನ್ನು ಆರಿಸಿಕೊಂಡರೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗ್ರಂಥಾಲಯದ ಒಂದೇ ಪುಸ್ತಕಕ್ಕೆ ಒಂದೇ ಕ್ಷಣದಲ್ಲಿ ಹತ್ತು ಜನ ಕೈ ಹಾಕುವುದು ಅಪರೂಪ, ಆದರೆ ಹರಾಜಿನ ಕೊನೆಯ ನಿಮಿಷದಲ್ಲಿ ಒಂದೇ ಲಾಟಿಗೆ ಹಲವು ರೀಲರುಗಳು ಒಟ್ಟಿಗೇ ಬೆಲೆ ಹಾಕುವುದು ಸಹಜ. ತಂತ್ರಾಂಶದ ಗಟ್ಟಿತನ ತಿಳಿಯುವುದು ಅಂಥ ನಿಮಿಷದಲ್ಲಿ.

ಮುಖ್ಯ ವಿವರಣೆ ಸ್ಪ್ರಿಂಗ್ ಬೂಟ್ (ಡಿಪೆಂಡೆನ್ಸಿ ಇಂಜೆಕ್ಷನ್ ಮಾಡಿಕೊಡುವ ಜಾವಾ ಫ್ರೇಮ್‌ವರ್ಕ್), ಹೈಬರ್ನೇಟ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಆಧರಿಸಿದೆ. ಮೈಕ್ರೋಸಾಫ್ಟಿನ ಡಾಟ್‌ನೆಟ್ ಬಳಸುವವರಿಗೆ ಬೇರೆಯಾಗುವ ಅಂಶಗಳನ್ನು ಅಲ್ಲಲ್ಲಿ ಹೇಳಿದ್ದೇನೆ.

ಹಂತ 1: ಒಟ್ಟಿಗೇ ಬದಲಾಗಬೇಕಾದದ್ದನ್ನು ಕಾಗದದ ಮೇಲೆ ಗುರುತಿಸಿ

ಕೋಡ್ ಬರೆಯುವ ಮೊದಲು, ಮಾರುಕಟ್ಟೆಯಲ್ಲಿ ನಡೆಯುವ ಪ್ರತಿಯೊಂದು ಕೆಲಸದಲ್ಲಿ ಯಾವ ಯಾವ ದಾಖಲೆಗಳು ಒಟ್ಟಿಗೇ ಬದಲಾಗಬೇಕೆಂದು ಬರೆದುಕೊಳ್ಳಿ. ಲಾಟ್ ನೋಂದಣಿಯಲ್ಲಿ ಒಂದು ಹೊಸ ಸಾಲು ಸೇರುತ್ತದೆ, ಅಷ್ಟೇ. ರೀಲರ್ ಬೆಲೆ ಹಾಕಿದಾಗ ಬಿಡ್‌ಗಳ ಟೇಬಲ್ಲಿಗೆ ಒಂದು ಸಾಲು ಸೇರುವುದರ ಜೊತೆಗೆ ಲಾಟಿನ ಸಾಲಿನಲ್ಲಿರುವ ಗರಿಷ್ಠ ಬೆಲೆಯೂ ಬದಲಾಗಬೇಕು. ಮಾರಾಟ ಖಚಿತವಾದಾಗ ನಾಲ್ಕು ಕಡೆ ಬದಲಾವಣೆ ಆಗುತ್ತದೆ: ಲಾಟಿನ ಸ್ಥಿತಿ, ಮಾರಾಟದ ದಾಖಲೆ, ರೀಲರನ ಠೇವಣಿಯ ಕಡಿತ, ರೈತನಿಗೆ ಸಲ್ಲಬೇಕಾದ ಪಾವತಿ. 42.350 ಕೆ.ಜಿ. ತೂಗಿದ ಲಾಟಿಗೆ ಕೆ.ಜಿ.ಗೆ 512 ರೂಪಾಯಿಯಂತೆ 21,683.20 ರೂಪಾಯಿ ಆಗುತ್ತದೆ ಎಂದುಕೊಳ್ಳೋಣ. ಮಾರುಕಟ್ಟೆ ಶುಲ್ಕವನ್ನು ಸರಳತೆಗಾಗಿ ಬಿಟ್ಟಿದ್ದೇನೆ. ಈ ಮೊತ್ತ ರೀಲರನ ಠೇವಣಿಯಿಂದ ಕಡಿತವಾಗಿ ರೈತನ ಲೆಕ್ಕಕ್ಕೆ ಸೇರದೆ ಹೋದರೆ, ನಸುಕಿನಲ್ಲೇ ಊರು ಬಿಟ್ಟು ಗೂಡು ತಂದವರು ಹಣಕ್ಕಾಗಿ ಕೌಂಟರಿನಿಂದ ಕೌಂಟರಿಗೆ ಅಲೆಯಬೇಕಾಗುತ್ತದೆ. ಆದ್ದರಿಂದ ಈ ನಾಲ್ಕೂ ಆಗಬೇಕು ಅಥವಾ ನಾಲ್ಕೂ ಆಗಬಾರದು.

ಹೀಗೆ ಬರೆದ ಪಟ್ಟಿಯ ಒಂದೊಂದು ಕೆಲಸವೂ ಮುಂದೆ ಸರ್ವಿಸ್ ಕ್ಲಾಸಿನ (ಇಂಥ ಕೆಲಸಗಳನ್ನು ನಡೆಸುವ ಕ್ಲಾಸು) ಒಂದೊಂದು ಮೆಥಡ್ ಆಗುತ್ತದೆ, ಮತ್ತು ಒಂದೊಂದು ಮೆಥಡ್ಡಿಗೂ ಒಂದು ಟ್ರಾನ್ಸಾಕ್ಷನ್, ಅಂದರೆ ಎಲ್ಲವೂ ಆಗಬೇಕಾದ ಇಲ್ಲವೇ ಏನೂ ಆಗಬಾರದ ಬದಲಾವಣೆಗಳ ಗುಂಪು, ಇರುತ್ತದೆ. ಟ್ರಾನ್ಸಾಕ್ಷನ್ನಿನ ಗಡಿಯನ್ನು ಟೇಬಲ್ಲುಗಳನ್ನು ನೋಡಿ ನಿರ್ಧರಿಸಬಾರದು, ಮಾರುಕಟ್ಟೆಯ ಕೆಲಸವನ್ನು ನೋಡಿ ನಿರ್ಧರಿಸಬೇಕು.

ಹಂತ 2: ಎಂಟಿಟಿಗಳನ್ನು ಸರ್ವಿಸ್‌ಗಳಿಂದ ದೂರವಿಡಿ

ಲಾಟ್, ಬಿಡ್, ರೀಲರ್, ಠೇವಣಿ ಖಾತೆ, ಮಾರಾಟ, ಪಾವತಿ ಎಂಬ ಆರು ಎಂಟಿಟಿ ಕ್ಲಾಸುಗಳು, ಅಂದರೆ ಟೇಬಲ್ಲಿನ ಸಾಲುಗಳನ್ನು ಪ್ರತಿನಿಧಿಸುವ ಕ್ಲಾಸುಗಳು, ಸಾಕು. ಹಣ ಮತ್ತು ತೂಕಕ್ಕೆ ಡಬಲ್ ಬಳಸದೆ ಬಿಗ್‌ಡೆಸಿಮಲ್ ಬಳಸಿ, ಡಬಲ್‌ನಲ್ಲಿ 0.1ನ್ನೂ ನಿಖರವಾಗಿ ಇಡಲು ಆಗುವುದಿಲ್ಲ, ದಿನದ ಕೊನೆಯ ಒಟ್ಟು ಲೆಕ್ಕದಲ್ಲಿ ಪೈಸೆಗಳು ತಾಳೆಯಾಗದೆ ಉಳಿಯುತ್ತವೆ. ಲಾಟಿನ ಸ್ಥಿತಿಯನ್ನು ಈನಮ್ ಆಗಿ ಇಟ್ಟರೆ ಅದನ್ನು ಅಕ್ಷರ ರೂಪದಲ್ಲೇ ಉಳಿಸುವಂತೆ ಸ್ಪಷ್ಟವಾಗಿ ನಮೂದಿಸಿ, ಏಕೆಂದರೆ ಜೆಪಿಎ (ಹೈಬರ್ನೇಟ್ ಪಾಲಿಸುವ ಜಾವಾದ ಒಆರ್‌ಎಂ ಮಾನದಂಡ) ತಾನಾಗಿ ಉಳಿಸುವುದು ಕ್ರಮಸಂಖ್ಯೆಯನ್ನು. ಮುಂದೊಂದು ದಿನ ಸ್ಥಿತಿಗಳ ನಡುವೆ ಹೊಸದೊಂದನ್ನು ಸೇರಿಸಿದರೆ ಹಳೆಯ ಸಾಲುಗಳ ಅರ್ಥವೇ ಬದಲಾಗುತ್ತದೆ.

ಇಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ನಿಗೆ ಸಂಬಂಧಿಸಿದ ಮೊದಲ ನಿಯಮ ಬರುತ್ತದೆ. ಎಂಟಿಟಿ ಆಬ್ಜೆಕ್ಟುಗಳನ್ನು ಸೃಷ್ಟಿಸುವುದು ಹೈಬರ್ನೇಟ್, ಸ್ಪ್ರಿಂಗ್‌ನ ಕಂಟೈನರ್ (ಆಬ್ಜೆಕ್ಟುಗಳನ್ನು ಸೃಷ್ಟಿಸಿ ಒಂದಕ್ಕೊಂದು ಜೋಡಿಸುವ ಭಾಗ) ಅಲ್ಲ. ಡೇಟಾಬೇಸಿನಿಂದ ಒಂದು ಲಾಟನ್ನು ಓದಿದಾಗ ಹೈಬರ್ನೇಟ್ ವಾದಗಳಿಲ್ಲದ (ಆರ್ಗ್ಯುಮೆಂಟ್ ಇಲ್ಲದ) ಕನ್‌ಸ್ಟ್ರಕ್ಟರನ್ನು ಕರೆದು ಆಬ್ಜೆಕ್ಟನ್ನು ತಯಾರಿಸುತ್ತದೆ, ಆಮೇಲೆ ಅದರ ಫೀಲ್ಡುಗಳಿಗೆ ಮೌಲ್ಯಗಳನ್ನು ತುಂಬುತ್ತದೆ. ಈ ದಾರಿಯಲ್ಲಿ ಕಂಟೈನರಿಗೆ ಪ್ರವೇಶವೇ ಇಲ್ಲದ ಕಾರಣ, ಎಂಟಿಟಿಯೊಳಗೆ ಒಂದು ಸರ್ವಿಸನ್ನೋ ರೆಪೊಸಿಟರಿಯನ್ನೋ (ಎಂಟಿಟಿಗಳನ್ನು ಡೇಟಾಬೇಸಿನಿಂದ ಓದಿ ಬರೆಯುವ ಕ್ಲಾಸು) ಇಂಜೆಕ್ಟ್ ಮಾಡಿಸಲು ನೋಡಿದರೆ ಆ ಫೀಲ್ಡ್ ಖಾಲಿಯಾಗಿಯೇ ಉಳಿಯುತ್ತದೆ. ಇದಕ್ಕೆ ಸುತ್ತುಬಳಸಿನ ಉಪಾಯಗಳಿವೆಯಾದರೂ ನಾನು ಅವುಗಳನ್ನು ಯಾರಿಗೂ ಸೂಚಿಸುವುದಿಲ್ಲ. ಲಾಟಿನ ನಿಯಮವೊಂದಕ್ಕೆ ಹೊರಗಿನ ಮಾಹಿತಿ ಬೇಕಿದ್ದರೆ, ಸರ್ವಿಸ್ ಆ ಮಾಹಿತಿಯನ್ನು ತಂದು ಲಾಟಿನ ಮೆಥಡ್ಡಿಗೆ ವಾದವಾಗಿ ಕೊಡಲಿ. ಬಿಡ್ ಸ್ವೀಕರಿಸುವ ಮೆಥಡ್ ಬೆಲೆಯನ್ನೂ ಈಗಿನ ಸಮಯವನ್ನೂ ವಾದಗಳಾಗಿ ಪಡೆದು, ಹರಾಜಿನ ಅವಧಿ ಮುಗಿದಿದೆಯೇ, ಬೆಲೆ ಹಿಂದಿನದಕ್ಕಿಂತ ಹೆಚ್ಚಿದೆಯೇ ಎಂದು ತಾನೇ ಪರೀಕ್ಷಿಸಬಹುದು. ಆಗ ನಿಯಮ ಎಂಟಿಟಿಯಲ್ಲೇ ಉಳಿಯುತ್ತದೆ, ಅವಲಂಬನೆ ಸರ್ವಿಸಿನಲ್ಲಿ ಉಳಿಯುತ್ತದೆ.

ಹಂತ 3: ಯಾವುದರ ಆಯುಷ್ಯ ಎಷ್ಟೆಂದು ನಿರ್ಧರಿಸಿ

ಈ ಲೇಖನದಲ್ಲಿ ಅತ್ಯಂತ ಗಮನವಿಟ್ಟು ಓದಬೇಕಾದ ಭಾಗ ಇದು.

ಸ್ಪ್ರಿಂಗ್‌ನಲ್ಲಿ ಬೀನ್‌ಗಳು, ಅಂದರೆ ಕಂಟೈನರ್ ಸೃಷ್ಟಿಸುವ ಆಬ್ಜೆಕ್ಟುಗಳು, ಬೇರೆ ಸೂಚನೆ ಇಲ್ಲದಿದ್ದರೆ ಸಿಂಗಲ್ಟನ್‌ಗಳು. ಸರ್ವರ್ ಆರಂಭವಾದಾಗ ಒಮ್ಮೆ ಸೃಷ್ಟಿಯಾಗಿ, ಸರ್ವರ್ ನಿಲ್ಲುವವರೆಗೆ ಬದುಕಿರುತ್ತವೆ, ಎಲ್ಲ ರಿಕ್ವೆಸ್ಟುಗಳೂ ಅದೇ ಆಬ್ಜೆಕ್ಟನ್ನು ಬಳಸುತ್ತವೆ. ಹೈಬರ್ನೇಟ್‌ನ ಕಡೆ ಎರಡು ಬಗೆಯ ಆಬ್ಜೆಕ್ಟುಗಳಿವೆ. ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿಯನ್ನು ಸೃಷ್ಟಿಸುವುದು ದುಬಾರಿ, ಆದರೆ ಅದನ್ನು ಹಲವು ಥ್ರೆಡ್ಡುಗಳು (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ನಿರ್ಭಯವಾಗಿ ಹಂಚಿಕೊಳ್ಳಬಹುದು. ಅದು ಇಡೀ ತಂತ್ರಾಂಶಕ್ಕೆ ಒಂದೇ ಇರಬೇಕು. ಎಂಟಿಟಿ ಮ್ಯಾನೇಜರ್, ಅಂದರೆ ಸೆಷನ್, ಇದಕ್ಕೆ ತದ್ವಿರುದ್ಧ: ಸೃಷ್ಟಿಸುವುದು ಅಗ್ಗ, ಹಂಚಿಕೊಳ್ಳುವುದು ಅಪಾಯ. ಗೂಡಿನ ಮಾರುಕಟ್ಟೆಯ ತೂಕದ ಚೀಟಿಯ ಹಾಗೆ ಅದು ಒಂದು ಲಾಟಿನ ಕೆಲಸಕ್ಕೆ ತೆಗೆದು, ಕೆಲಸ ಮುಗಿದೊಡನೆ ಮುಗಿಸಬೇಕಾದದ್ದು. ಒಂದೇ ಚೀಟಿಯ ಮೇಲೆ ಎಲ್ಲ ರೈತರ ತೂಕ ಬರೆಯಲು ಹೊರಟರೆ ಯಾರ ತೂಕ ಯಾರದ್ದೆಂಬುದೇ ಕಲಸಿಹೋಗುತ್ತದೆ.

ಸೆಷನ್ ಹೀಗೆ ಅಲ್ಪಾಯುವಾಗಿರಲು ಕಾರಣ ಅದರ ಒಳಗಿನ ಕೆಲಸದಲ್ಲಿದೆ. ತಾನು ಓದಿದ ಪ್ರತಿಯೊಂದು ಎಂಟಿಟಿಯನ್ನೂ ಅದು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ, ಓದಿದಾಗ ಹೇಗಿತ್ತೆಂಬ ಪ್ರತಿಯನ್ನೂ ಇಟ್ಟುಕೊಂಡಿರುತ್ತದೆ, ಫ್ಲಶ್ ಆಗುವಾಗ, ಅಂದರೆ ನೆನಪಿನ ಬದಲಾವಣೆಗಳನ್ನು ಡೇಟಾಬೇಸಿಗೆ ಕಳುಹಿಸುವಾಗ, ಎರಡನ್ನೂ ಹೋಲಿಸಿ ವ್ಯತ್ಯಾಸವಿದ್ದ ಸಾಲುಗಳಿಗೆ ಅಪ್‌ಡೇಟ್ ಕಳುಹಿಸುತ್ತದೆ. ಎರಡು ರಿಕ್ವೆಸ್ಟುಗಳು ಒಂದೇ ಸೆಷನ್ನನ್ನು ಹಿಡಿದಿದ್ದರೆ, ಒಂದು ರಿಕ್ವೆಸ್ಟ್ ಅರ್ಧ ಬದಲಿಸಿದ ಲಾಟನ್ನು ಇನ್ನೊಂದರ ಫ್ಲಶ್ ಡೇಟಾಬೇಸಿಗೆ ಬರೆದುಬಿಡಬಹುದು. ಸೆಷನ್ನಿನ ನೆನಪು ಖಾಲಿಯಾಗದೆ ಬೆಳೆಯುತ್ತಲೇ ಹೋಗುತ್ತದೆ. ಬೇರೆಯವರು ಡೇಟಾಬೇಸಿನಲ್ಲಿ ಬದಲಿಸಿದ ಬೆಲೆ ಈ ಸೆಷನ್ನಿಗೆ ಕಾಣಿಸದೆ ಹಳೆಯದೇ ತೋರುತ್ತಿರುತ್ತದೆ.

ಹಾಗಾದರೆ ಸರ್ವರ್ ಇರುವಷ್ಟು ಕಾಲ ಬದುಕುವ ರೆಪೊಸಿಟರಿಯೊಳಗೆ ಒಂದು ರಿಕ್ವೆಸ್ಟಿನಷ್ಟೂ ಬಾಳದ ಸೆಷನ್ ಹೇಗೆ ಕೂರುತ್ತದೆ? ಸ್ಪ್ರಿಂಗ್ ಇದಕ್ಕೊಂದು ಜಾಣ ಪರಿಹಾರ ಕೊಟ್ಟಿದೆ. ನೀವು ಎಂಟಿಟಿ ಮ್ಯಾನೇಜರನ್ನು ಇಂಜೆಕ್ಟ್ ಮಾಡಿಸಿಕೊಂಡಾಗ ನಿಮ್ಮ ಕೈಗೆ ಬರುವುದು ನಿಜವಾದ ಸೆಷನ್ ಅಲ್ಲ, ಒಂದು ಪ್ರಾಕ್ಸಿ. ಅದರ ಮೇಲೆ ಮೆಥಡ್ ಕರೆದಾಗಲೆಲ್ಲ ಅದು ಈ ಥ್ರೆಡ್ಡಿನಲ್ಲಿ ಈಗ ನಡೆಯುತ್ತಿರುವ ಟ್ರಾನ್ಸಾಕ್ಷನ್ನಿಗೆ ಸೇರಿದ ಸೆಷನ್ ಯಾವುದೆಂದು ಹುಡುಕಿ, ಕೆಲಸವನ್ನು ಅದಕ್ಕೆ ವರ್ಗಾಯಿಸುತ್ತದೆ. ಆದ್ದರಿಂದ ಎರಡು ಎಚ್ಚರಿಕೆಗಳು ಸಾಕು: ಸೆಷನ್ನನ್ನು ಕಂಟೈನರಿನಿಂದಲೇ ಪಡೆಯಿರಿ, ಮತ್ತು ಫ್ಯಾಕ್ಟರಿಯಿಂದ ನೀವೇ ಸೆಷನ್ ತೆರೆದು ಅದನ್ನು ಸಿಂಗಲ್ಟನ್ ಬೀನಿನ ಫೀಲ್ಡಿನಲ್ಲಿ ಎಂದಿಗೂ ಇಡಬೇಡಿ. ಸ್ಪ್ರಿಂಗ್ ಡೇಟಾ ಜೆಪಿಎ ಬಳಸುವವರ ರೆಪೊಸಿಟರಿಗಳು ಈ ಪ್ರಾಕ್ಸಿಯನ್ನೇ ಬಳಸುವುದರಿಂದ ಅವರಿಗೆ ಇದು ಅರಿವಿಲ್ಲದೆಯೇ ಸಿಗುತ್ತದೆ.

ಡಾಟ್‌ನೆಟ್‌ನಲ್ಲಿ ಇಂಥ ಪ್ರಾಕ್ಸಿ ಇಲ್ಲ. ಅಲ್ಲಿ ಆಯುಷ್ಯವನ್ನು ನೀವೇ ಹೇಳಬೇಕು. ಎಎಸ್‌ಪಿ ಡಾಟ್‌ನೆಟ್ ಕೋರ್‌ನ ಕಂಟೈನರಿನಲ್ಲಿ ಸಿಂಗಲ್ಟನ್, ಸ್ಕೋಪ್ಡ್, ಟ್ರಾನ್ಸಿಯೆಂಟ್ ಎಂಬ ಮೂರು ಆಯುಷ್ಯಗಳಿವೆ. ಅಲ್ಲಿನ ಒಆರ್‌ಎಂ ಆದ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ಡಿಬಿ ಕಾಂಟೆಕ್ಸ್ಟ್ (ಹೈಬರ್ನೇಟ್‌ನ ಸೆಷನ್ನಿಗೆ ಸಮಾನವಾದದ್ದು) ರೂಢಿಯ ವಿಧಾನದಲ್ಲಿ ನೋಂದಣಿಯಾದಾಗ ಸ್ಕೋಪ್ಡ್ ಆಗಿರುತ್ತದೆ, ಅಂದರೆ ಒಂದು ವೆಬ್ ರಿಕ್ವೆಸ್ಟಿಗೆ ಒಂದು. ಅದನ್ನು ಬಳಸುವ ಸರ್ವಿಸನ್ನು ಸಿಂಗಲ್ಟನ್ ಎಂದು ನೋಂದಾಯಿಸಿದರೆ, ಅಲ್ಪಾಯುವಾದ ಕಾಂಟೆಕ್ಸ್ಟ್ ದೀರ್ಘಾಯುವಿನ ಕೈಯಲ್ಲಿ ಸೆರೆಯಾಗುತ್ತದೆ. ಡೆವಲಪ್‌ಮೆಂಟ್ ಪರಿಸರದಲ್ಲಿ ಕಂಟೈನರ್ ಇದನ್ನು ಗುರುತಿಸಿ ದೋಷ ತೋರಿಸುತ್ತದೆ. ಪ್ರೊಡಕ್ಷನ್ನಿನಲ್ಲಿ ಈ ತಪಾಸಣೆ ತಾನಾಗಿ ನಡೆಯುವುದಿಲ್ಲ. ಆದ್ದರಿಂದ ಅಲ್ಲಿ ಸರ್ವಿಸ್ ಮತ್ತು ರೆಪೊಸಿಟರಿಗಳನ್ನೂ ಸ್ಕೋಪ್ಡ್ ಎಂದೇ ನೋಂದಾಯಿಸುವುದು ಸುರಕ್ಷಿತ.

ಹಂತ 4: ಬೇಕಾದದ್ದನ್ನೆಲ್ಲ ಕನ್‌ಸ್ಟ್ರಕ್ಟರಿನಲ್ಲಿ ಕೇಳಿ

ಹರಾಜಿನ ಸರ್ವಿಸಿಗೆ ಲಾಟ್ ರೆಪೊಸಿಟರಿ, ಬಿಡ್ ರೆಪೊಸಿಟರಿ, ಠೇವಣಿ ರೆಪೊಸಿಟರಿ ಮತ್ತು ಒಂದು ಗಡಿಯಾರ ಬೇಕು. ಇವೆಲ್ಲವನ್ನೂ ಕನ್‌ಸ್ಟ್ರಕ್ಟರಿನ ವಾದಗಳಾಗಿ ಪಡೆದು ಫೈನಲ್ ಫೀಲ್ಡುಗಳಲ್ಲಿ ಇಡಿ. ಸ್ಪ್ರಿಂಗ್ 4.3ರಿಂದ ಈಚೆಗೆ ಕ್ಲಾಸಿಗೆ ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಆಟೊವೈರ್ಡ್ ಎಂಬ ಗುರುತು (ಆನೊಟೇಷನ್) ಹಾಕುವ ಅಗತ್ಯವೂ ಇಲ್ಲ. ಫೀಲ್ಡಿನ ಮೇಲೆಯೇ ಆಟೊವೈರ್ಡ್ ಬರೆಯುವ ಅಭ್ಯಾಸ ಸುಲಭವೆನಿಸುತ್ತದೆ, ಆದರೆ ಅವಲಂಬನೆಗಳು ಹನ್ನೆರಡಾದರೂ ಕಣ್ಣಿಗೆ ಬೀಳುವುದಿಲ್ಲ. ಕನ್‌ಸ್ಟ್ರಕ್ಟರಿನಲ್ಲಿ ಹನ್ನೆರಡು ವಾದಗಳು ಸಾಲಾಗಿ ನಿಂತಾಗ ಕ್ಲಾಸನ್ನು ಒಡೆಯಬೇಕೆಂಬುದು ಓದಿದವರಿಗೆಲ್ಲ ತಿಳಿಯುತ್ತದೆ. ಎರಡು ಸರ್ವಿಸ್‌ಗಳು ಪರಸ್ಪರ ಒಂದನ್ನೊಂದು ಕೇಳುವ ಸುತ್ತನ್ನು ಸ್ಪ್ರಿಂಗ್ ಬೂಟ್ 2.6ರಿಂದ ಆರಂಭದಲ್ಲಿಯೇ ತಡೆಯಲಾಗುತ್ತಿದೆ. ಸೆಟ್ಟಿಂಗ್ ಬದಲಿಸಿ ಆ ತಡೆಯನ್ನು ತೆಗೆಯುವ ಬದಲು, ಎರಡಕ್ಕೂ ಬೇಕಾದ ಭಾಗವನ್ನು ಮೂರನೆಯ ಕ್ಲಾಸಿಗೆ ಸಾಗಿಸಿ.

ಗಡಿಯಾರವನ್ನು ಏಕೆ ಇಂಜೆಕ್ಟ್ ಮಾಡಬೇಕೆಂದು ಕೇಳಬಹುದು. ಹರಾಜು ಮುಗಿಯುವ ಸಮಯ ಈ ತಂತ್ರಾಂಶದ ಹೃದಯ. ಸರ್ವಿಸಿನ ಒಳಗೆ ನೇರವಾಗಿ ಈಗಿನ ಸಮಯವನ್ನು ಕೇಳಿದರೆ, ಅವಧಿ ಮುಗಿದ ಒಂದು ಸೆಕೆಂಡಿನ ನಂತರ ಬಂದ ಬಿಡ್ ತಿರಸ್ಕೃತವಾಗುತ್ತದೆಯೇ ಎಂದು ಪರೀಕ್ಷಿಸಲು ದಾರಿಯಿಲ್ಲ. ಜಾವಾದ ಕ್ಲಾಕ್ ಆಬ್ಜೆಕ್ಟನ್ನು ಹೊರಗಿನಿಂದ ಕೊಟ್ಟರೆ, ಪರೀಕ್ಷೆಯಲ್ಲಿ ಬೇಕಾದ ಸಮಯಕ್ಕೆ ನಿಲ್ಲಿಸಿದ ಕ್ಲಾಕನ್ನೇ ಕೊಡಬಹುದು.

ವೆಬ್ ರಿಕ್ವೆಸ್ಟನ್ನು ಸ್ವೀಕರಿಸುವ ಕಂಟ್ರೋಲರ್‌ಗಳಿಗೆ ಸರ್ವಿಸನ್ನು ಮಾತ್ರ ಕೊಡಿ. ಕಂಟ್ರೋಲರಿನಲ್ಲಿ ರೆಪೊಸಿಟರಿ ಕಾಣಿಸಿಕೊಂಡ ದಿನದಿಂದ ಟ್ರಾನ್ಸಾಕ್ಷನ್ನಿನ ಗಡಿ ಮಸುಕಾಗತೊಡಗುತ್ತದೆ.

ಹಂತ 5: ಟ್ರಾನ್ಸಾಕ್ಷನ್ನಿನ ಗಡಿಯನ್ನು ಸರ್ವಿಸಿನ ಮೆಥಡ್ಡಿನಲ್ಲಿ ಹಾಕಿ

ಹಂತ 1ರಲ್ಲಿ ಬರೆದ ಪಟ್ಟಿಯನ್ನು ಈಗ ಎದುರಿಗೆ ಇಟ್ಟುಕೊಳ್ಳಿ. ಮಾರಾಟ ಖಚಿತಪಡಿಸುವ ಮೆಥಡ್ಡಿನ ಮೇಲೆ ಟ್ರಾನ್ಸಾಕ್ಷನಲ್ ಗುರುತು ಹಾಕಿದರೆ, ಮೆಥಡ್ ಆರಂಭವಾಗುವಾಗ ಟ್ರಾನ್ಸಾಕ್ಷನ್ ತೆರೆಯುತ್ತದೆ, ಸರ್ವಿಸಿನ ರೆಪೊಸಿಟರಿಗಳೆಲ್ಲ ಅದೇ ಸೆಷನ್ನನ್ನು ಬಳಸುತ್ತವೆ, ಮೆಥಡ್ ಸರಿಯಾಗಿ ಮುಗಿದರೆ ಕಮಿಟ್ ಆಗುತ್ತದೆ, ಅಂದರೆ ಬದಲಾವಣೆಗಳು ಖಾಯಂ ಆಗುತ್ತವೆ. ಇಲ್ಲಿ ಹೊಸಬರು ಎಡವುವ ಮೂರು ಜಾಗಗಳಿವೆ. ಮೂರೂ ಹಣದ ಲೆಕ್ಕವನ್ನು ಕೆಡಿಸಬಲ್ಲವು.

ಮೊದಲನೆಯದು ರೋಲ್‌ಬ್ಯಾಕ್, ಅಂದರೆ ಆದ ಬದಲಾವಣೆಗಳನ್ನು ರದ್ದುಮಾಡುವುದು. ಸ್ಪ್ರಿಂಗ್ ತಾನಾಗಿ ರೋಲ್‌ಬ್ಯಾಕ್ ಮಾಡುವುದು ರನ್‌ಟೈಮ್ ಎಕ್ಸೆಪ್ಷನ್ ಅಥವಾ ಎರರ್ ಬಂದಾಗ ಮಾತ್ರ. ಠೇವಣಿ ಸಾಲದು ಎಂಬುದನ್ನು ಸೂಚಿಸಲು ನೀವು ಚೆಕ್ಡ್ ಎಕ್ಸೆಪ್ಷನ್ (ಹಿಡಿಯಲು ಇಲ್ಲವೇ ಘೋಷಿಸಲು ಕಂಪೈಲರ್ ಒತ್ತಾಯಿಸುವ ಬಗೆ) ಬರೆದಿದ್ದರೆ, ಅದು ಮೆಥಡ್ಡಿನಿಂದ ಹೊರಬಂದರೂ ಅಲ್ಲಿಯವರೆಗೆ ಆದ ಬದಲಾವಣೆಗಳು ಕಮಿಟ್ ಆಗುತ್ತವೆ: ಲಾಟ್ ಮಾರಾಟವಾಗಿದೆ ಎಂದು ದಾಖಲಾಗುತ್ತದೆ, ಹಣ ಮಾತ್ರ ಯಾರ ಲೆಕ್ಕದಿಂದಲೂ ಕಡಿತವಾಗಿರುವುದಿಲ್ಲ. ಇಂಥ ಎಕ್ಸೆಪ್ಷನ್‌ಗಳನ್ನು ರನ್‌ಟೈಮ್ ಬಗೆಯವಾಗಿಯೇ ಬರೆಯಿರಿ, ಇಲ್ಲವೇ ಯಾವುದಕ್ಕೆ ರೋಲ್‌ಬ್ಯಾಕ್ ಆಗಬೇಕೆಂದು ಗುರುತಿನಲ್ಲೇ ಹೇಳಿ.

ಎರಡನೆಯದು ಒಳಗಿನ ಕರೆ. ಟ್ರಾನ್ಸಾಕ್ಷನ್ ತೆರೆಯುವುದು ಸರ್ವಿಸಿನ ಸುತ್ತ ಸ್ಪ್ರಿಂಗ್ ಕಟ್ಟುವ ಪ್ರಾಕ್ಸಿ. ಹೊರಗಿನಿಂದ ಬಂದ ಕರೆ ಈ ಪ್ರಾಕ್ಸಿಯ ಮೂಲಕ ಹಾದುಹೋಗುತ್ತದೆ. ಅದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನು ಕರೆದರೆ ಪ್ರಾಕ್ಸಿಯ ಗಮನಕ್ಕೆ ಬರುವುದೇ ಇಲ್ಲ. ದಿನದ ಎಲ್ಲ ಲಾಟುಗಳನ್ನು ಮುಗಿಸುವ ಮೆಥಡ್ ಗುರುತಿಲ್ಲದೆ ಇದ್ದು, ಅದು ಪ್ರತಿ ಲಾಟಿಗೂ ಅದೇ ಕ್ಲಾಸಿನ ಗುರುತಿರುವ ಮೆಥಡ್ಡನ್ನು ಕರೆದರೆ, ಆ ಗುರುತು ಇದ್ದೂ ಇಲ್ಲದಂತೆ. ಒಂದು ಲಾಟಿನ ಕೆಲಸವನ್ನು ಬೇರೆ ಬೀನಿಗೆ ಸಾಗಿಸಿ, ಅದನ್ನು ಇಂಜೆಕ್ಟ್ ಮಾಡಿಸಿಕೊಂಡು ಕರೆಯುವುದು ಸರಳ ಪರಿಹಾರ.

ಮೂರನೆಯದು ಎಕ್ಸೆಪ್ಷನ್ ಹಿಡಿಯುವ ಜಾಗ. ಸೇವ್ ಎಂದು ಕರೆದ ಕ್ಷಣವೇ ಡೇಟಾಬೇಸಿಗೆ ಬರೆಯಲೇಬೇಕೆಂಬ ನಿಯಮ ಹೈಬರ್ನೇಟ್‌ಗೆ ಇಲ್ಲ. ಫ್ಲಶ್‌ವರೆಗೆ, ಕೆಲವೊಮ್ಮೆ ಕಮಿಟ್‌ವರೆಗೆ ಅದು ಕಾಯುತ್ತದೆ. ಆದ್ದರಿಂದ ಒಂದು ಲಾಟಿಗೆ ಎರಡು ಮಾರಾಟದ ದಾಖಲೆ ಇರಬಾರದೆಂಬ ಯುನೀಕ್ ನಿರ್ಬಂಧ ಮುರಿದಾಗ ಬರುವ ದೋಷ, ನೀವು ಸೇವ್‌ನ ಸುತ್ತ ಕಟ್ಟಿದ ಟ್ರೈ-ಕ್ಯಾಚ್ ದಾಟಿ ಹೋಗಿ ಮೆಥಡ್ ಮುಗಿದ ನಂತರ ಹೊರಬರಬಹುದು. ಅದನ್ನು ಸರ್ವಿಸಿನ ಹೊರಗೆ, ಕಂಟ್ರೋಲರಿನ ದೋಷ ನಿರ್ವಹಣೆಯಲ್ಲಿ ಹಿಡಿಯಿರಿ. ಆ ಯುನೀಕ್ ನಿರ್ಬಂಧವನ್ನು ಮಾತ್ರ ಡೇಟಾಬೇಸಿನಲ್ಲಿ ತಪ್ಪದೆ ಇಡಿ; ಕೋಡ್ ಎಷ್ಟೇ ಚೆನ್ನಾಗಿದ್ದರೂ ಕೊನೆಯ ಕಾವಲು ಅದೇ.

ಹಂತ 6: ಒಂದೇ ಲಾಟಿಗೆ ಇಬ್ಬರು ಒಟ್ಟಿಗೆ ಬೆಲೆ ಹಾಕಿದಾಗ

ಗರಿಷ್ಠ ಬೆಲೆ 500 ಇರುವ ಲಾಟಿಗೆ ಒಬ್ಬ ರೀಲರ್ 512, ಇನ್ನೊಬ್ಬರು 508 ಹಾಕುತ್ತಾರೆ ಎಂದುಕೊಳ್ಳಿ. ಎರಡೂ ಟ್ರಾನ್ಸಾಕ್ಷನ್‌ಗಳು 500 ಎಂದೇ ಓದುತ್ತವೆ, ಎರಡಕ್ಕೂ ತಮ್ಮ ಬೆಲೆ ಹೆಚ್ಚೆಂದು ತೋರುತ್ತದೆ, 508 ಕೊನೆಗೆ ಬರೆಯಲ್ಪಟ್ಟರೆ 512 ಅಳಿಸಿಹೋಗುತ್ತದೆ. ಕೆ.ಜಿ.ಗೆ ನಾಲ್ಕು ರೂಪಾಯಿ ರೈತನಿಗೆ ನಷ್ಟ, ಅದೂ ಯಾರಿಗೂ ಗೊತ್ತಾಗದಂತೆ.

ಲಾಟ್ ಎಂಟಿಟಿಗೆ ವರ್ಶನ್ ಎಂಬ ಒಂದು ಕಾಲಮ್ ಸೇರಿಸಿ ಅದಕ್ಕೆ ಜೆಪಿಎಯ ವರ್ಶನ್ ಗುರುತು ಹಾಕಿದರೆ, ಅಪ್‌ಡೇಟ್ ಮಾಡುವಾಗ ಹೈಬರ್ನೇಟ್ ತಾನು ಓದಿದ ವರ್ಶನ್ ಇನ್ನೂ ಅದೇ ಇದೆಯೇ ಎಂದು ಪರೀಕ್ಷಿಸುತ್ತದೆ. ಬೇರೆಯವರು ಅಷ್ಟರಲ್ಲಿ ಬದಲಿಸಿದ್ದರೆ ಆಪ್ಟಿಮಿಸ್ಟಿಕ್ ಲಾಕ್ ದೋಷ ಬರುತ್ತದೆ. ಆಗ ಬಿಡ್‌ನ ಕೆಲಸವನ್ನು ಮೊದಲಿನಿಂದ ಮತ್ತೆ ಮಾಡಬೇಕು. ಈ ಮರುಪ್ರಯತ್ನ ಟ್ರಾನ್ಸಾಕ್ಷನ್ನಿನ ಹೊರಗೆ ನಡೆಯಬೇಕೆಂಬುದನ್ನು ಮರೆಯಬಾರದು. ದೋಷ ಬಂದ ಸೆಷನ್ ಮುಂದಿನ ಬಳಕೆಗೆ ಯೋಗ್ಯವಲ್ಲ, ಅದರ ನೆನಪಿನಲ್ಲಿ ಹಳೆಯ ಲಾಟೇ ಇರುತ್ತದೆ; ಹೊಸ ಟ್ರಾನ್ಸಾಕ್ಷನ್, ಹೊಸ ಸೆಷನ್, ಹೊಸದಾಗಿ ಓದಿದ ಲಾಟ್ ಬೇಕು. ಮರುಪ್ರಯತ್ನದ ಲೂಪನ್ನು ಒಂದು ಬೀನಿನಲ್ಲಿ, ಟ್ರಾನ್ಸಾಕ್ಷನಲ್ ಮೆಥಡ್ಡನ್ನು ಇನ್ನೊಂದರಲ್ಲಿ ಇಡುವ ಅಗತ್ಯ ಇಲ್ಲಿ ಮತ್ತೆ ಬರುತ್ತದೆ.

ಹರಾಜಿನ ಕೊನೆಯ ನಿಮಿಷದಲ್ಲಿ ಘರ್ಷಣೆ ಅಪರೂಪವಲ್ಲ, ನಿಯಮವೇ ಆಗಿಬಿಡುತ್ತದೆ. ಮರುಪ್ರಯತ್ನಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಂಥ ಸ್ಥಿತಿಯಲ್ಲಿ ಲಾಟಿನ ಸಾಲನ್ನು ಓದುವಾಗಲೇ ಪೆಸಿಮಿಸ್ಟಿಕ್ ರೈಟ್ ಲಾಕ್ ಹಾಕಿ, ಬಿಡ್‌ಗಳು ಸರದಿಯಲ್ಲಿ ನಿಲ್ಲುವಂತೆ ಮಾಡುವುದೇ ಮೇಲೆಂದು ನನ್ನ ತೀರ್ಮಾನ. ಟ್ರಾನ್ಸಾಕ್ಷನ್ ಚಿಕ್ಕದಾಗಿದ್ದರೆ ಈ ಸರದಿ ಬಳಕೆದಾರರಿಗೆ ತಿಳಿಯುವುದೂ ಇಲ್ಲ. ಮಾರಾಟ ಖಚಿತಪಡಿಸುವಾಗ ಲಾಟ್ ಮತ್ತು ಠೇವಣಿ ಎರಡಕ್ಕೂ ಲಾಕ್ ಬೇಕಾಗುತ್ತದೆ. ಎಲ್ಲ ಕಡೆಯೂ ಮೊದಲು ಲಾಟ್, ಆಮೇಲೆ ಠೇವಣಿ ಎಂಬ ಕ್ರಮವನ್ನೇ ಪಾಲಿಸಿದರೆ ಈ ಎರಡು ಟೇಬಲ್ಲುಗಳ ನಡುವೆ ಡೆಡ್‌ಲಾಕ್ (ಇಬ್ಬರೂ ಪರಸ್ಪರರ ಲಾಕಿಗೆ ಕಾದು ನಿಲ್ಲುವ ಸ್ಥಿತಿ) ಹುಟ್ಟುವುದು ತಪ್ಪುತ್ತದೆ.

ಹಂತ 7: ತೋರಿಸುವ ಪುಟಗಳು

ಇಂದಿನ ಲಾಟುಗಳ ಪಟ್ಟಿಯಲ್ಲಿ ಪ್ರತಿ ಲಾಟಿನ ಜೊತೆ ಅದರ ಬಿಡ್‌ಗಳನ್ನೂ ತೋರಿಸಬೇಕಾದರೆ, ಪಟ್ಟಿಗೆ ಒಂದು ಕ್ವೆರಿ, ಮತ್ತೆ ಲಾಟಿಗೊಂದರಂತೆ ಬಿಡ್‌ಗಳ ಕ್ವೆರಿ ಹೋಗುತ್ತದೆ; 300 ಲಾಟಿದ್ದರೆ 301 ಕ್ವೆರಿ. ಫೆಚ್ ಜಾಯಿನ್ ಬಳಸಿ ಒಂದೇ ಕ್ವೆರಿಯಲ್ಲಿ ತರಬಹುದು. ಆದರೆ ಸಂಗ್ರಹವೊಂದನ್ನು ಫೆಚ್ ಜಾಯಿನ್ ಮಾಡಿ ಅದರ ಮೇಲೆ ಪುಟ ವಿಂಗಡಣೆ ಕೇಳಿದರೆ ಹೈಬರ್ನೇಟ್ ಎಲ್ಲ ಸಾಲುಗಳನ್ನೂ ತಂದು ಮೆಮೊರಿಯಲ್ಲಿ ಕತ್ತರಿಸುತ್ತದೆ. ಪಟ್ಟಿಯ ಪುಟಗಳಿಗೆ ಎಂಟಿಟಿಗಳನ್ನೇ ಬಳಸದೆ, ಬೇಕಾದ ನಾಲ್ಕೈದು ಕಾಲಮುಗಳನ್ನು ಮಾತ್ರ ಮಾಹಿತಿ ಹೊತ್ತೊಯ್ಯಲಷ್ಟೇ ಇರುವ ಒಂದು ಸಣ್ಣ ಡಿಟಿಒ ಆಬ್ಜೆಕ್ಟಿಗೆ ಓದಿಕೊಳ್ಳುವುದು ಒಳ್ಳೆಯದು. ಜೆಪಿಎಯಲ್ಲಿ ಮೆನಿ-ಟು-ಒನ್ ಸಂಬಂಧ (ಹಲವು ಬಿಡ್‌ಗಳಿಗೆ ಒಂದು ಲಾಟ್ ಇರುವಂಥದ್ದು) ತಾನಾಗಿ ಈಗರ್ ಆಗಿರುತ್ತದೆ, ಅಂದರೆ ಕೇಳದಿದ್ದರೂ ಜೊತೆಗೇ ಓದಿಕೊಳ್ಳುತ್ತದೆ. ಅದನ್ನು ಲೇಜಿ (ಬೇಕಾದಾಗ ಮಾತ್ರ ಓದುವುದು) ಎಂದು ಬದಲಿಸಿಡಿ.

ಸ್ಪ್ರಿಂಗ್ ಬೂಟ್‌ನಲ್ಲಿ ಓಪನ್-ಇನ್-ವ್ಯೂ ಎಂಬ ಸೆಟ್ಟಿಂಗ್ ತಾನಾಗಿ ಚಾಲೂ ಇರುತ್ತದೆ, ಸರ್ವರ್ ಆರಂಭವಾಗುವಾಗ ಅದರ ಬಗ್ಗೆ ಒಂದು ಎಚ್ಚರಿಕೆಯೂ ಬರುತ್ತದೆ. ಅದು ಸೆಷನ್ನನ್ನು ರಿಕ್ವೆಸ್ಟ್ ಮುಗಿಯುವವರೆಗೂ ತೆರೆದಿಡುವುದರಿಂದ ಲೇಜಿ ಸಂಬಂಧಗಳು ಪುಟ ತಯಾರಾಗುವಾಗಲೂ ಓದಿಕೊಳ್ಳುತ್ತವೆ. ಕೆಲಸ ಸುಲಭವಾಗುತ್ತದೆ ನಿಜ, ಆದರೆ ಕ್ವೆರಿಗಳು ಎಲ್ಲಿಂದ ಹೋಗುತ್ತಿವೆ ಎಂಬುದು ಮರೆಯಾಗುತ್ತದೆ, ಕನೆಕ್ಷನ್ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಸಿಕ್ಕಿಬೀಳಬಹುದು. ಪ್ರಾಜೆಕ್ಟಿನ ಮೊದಲ ದಿನವೇ ಅದನ್ನು ಆಫ್ ಮಾಡಿ. ಆಮೇಲೆ ಬರುವ ಲೇಜಿ ಇನಿಷಿಯಲೈಸೇಷನ್ ದೋಷಗಳು ಸೆಷನ್ನಿನ ಗಡಿ ಎಲ್ಲಿದೆಯೆಂದು ನಿಮಗೆ ತೋರಿಸಿಕೊಡುತ್ತವೆ. ಅರ್ಧ ಪ್ರಾಜೆಕ್ಟ್ ಮುಗಿದ ಮೇಲೆ ಆಫ್ ಮಾಡಲು ಹೋದರೆ ಕೆಲಸ ಹಲವು ಪಟ್ಟು ಹೆಚ್ಚುತ್ತದೆ.

ಹಂತ 8: ಎಸ್‌ಎಂಎಸ್, ಹಿನ್ನೆಲೆಯ ಕೆಲಸ, ಕನೆಕ್ಷನ್‌ಗಳ ಸಂಖ್ಯೆ

ಮಾರಾಟ ಖಚಿತವಾದ ಕೂಡಲೇ ರೈತನ ಮೊಬೈಲಿಗೆ ಮೊತ್ತ ತಿಳಿಸುವ ಎಸ್‌ಎಂಎಸ್ ಹೋಗಬೇಕು. ಅದನ್ನು ಟ್ರಾನ್ಸಾಕ್ಷನ್ನಿನ ಒಳಗೇ ಕಳುಹಿಸಿದರೆ ಎರಡು ತೊಂದರೆ: ಎಸ್‌ಎಂಎಸ್ ಸೇವೆ ನಿಧಾನವಾದರೆ ಡೇಟಾಬೇಸಿನ ಲಾಕುಗಳೂ ಅಷ್ಟು ಹೊತ್ತು ಹಿಡಿದಿರುತ್ತವೆ, ಸಂದೇಶ ಹೋದ ಮೇಲೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೆ, ಆಗದ ಮಾರಾಟದ ಹಣ ಬಂದಿತೆಂಬ ಸುಳ್ಳು ಸುದ್ದಿ ರೈತನಿಗೆ ತಲುಪುತ್ತದೆ. ಮಾರಾಟವಾಯಿತೆಂಬ ಈವೆಂಟನ್ನು ಪ್ರಕಟಿಸಿ, ಅದನ್ನು ಸ್ಪ್ರಿಂಗ್‌ನ ಟ್ರಾನ್ಸಾಕ್ಷನಲ್ ಈವೆಂಟ್ ಲಿಸನರ್‌ನಲ್ಲಿ ಸ್ವೀಕರಿಸಿದರೆ, ಬೇರೆ ಹೇಳದಿದ್ದಲ್ಲಿ ಅದು ಕಮಿಟ್ ಆದ ನಂತರವೇ ಓಡುತ್ತದೆ. ಕಮಿಟ್ ಆಗಿ ಸಂದೇಶ ಹೋಗುವ ಮುನ್ನ ಸರ್ವರ್ ನಿಂತರೂ ಸಂದೇಶ ಕಳೆದುಹೋಗಬಾರದು ಎನ್ನುವುದಾದರೆ, ಅದೇ ಟ್ರಾನ್ಸಾಕ್ಷನ್ನಿನಲ್ಲಿ ಕಳುಹಿಸಬೇಕಾದ ಸಂದೇಶಗಳ ಟೇಬಲ್ಲಿಗೆ ಒಂದು ಸಾಲು ಬರೆದು, ಹಿನ್ನೆಲೆಯ ಕೆಲಸವೊಂದು ಅದನ್ನು ಓದಿ ಕಳುಹಿಸುವಂತೆ ಮಾಡಿ.

ಹಿನ್ನೆಲೆಯ ಕೆಲಸಕ್ಕೆ ವೆಬ್ ರಿಕ್ವೆಸ್ಟ್ ಇರುವುದಿಲ್ಲ, ಟ್ರಾನ್ಸಾಕ್ಷನ್ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ದಾಟುವುದೂ ಇಲ್ಲ. ಆದ್ದರಿಂದ ಅಲ್ಲಿಗೆ ಎಂಟಿಟಿಯನ್ನು ಕಳುಹಿಸದೆ ಅದರ ಐಡಿಯನ್ನು ಮಾತ್ರ ಕಳುಹಿಸಿ, ಅಲ್ಲಿ ಹೊಸ ಟ್ರಾನ್ಸಾಕ್ಷನ್ ತೆರೆದು ಮತ್ತೆ ಓದಿಸಿ. ಡಾಟ್‌ನೆಟ್‌ನ ಹಿನ್ನೆಲೆ ಸರ್ವಿಸ್‌ಗಳು ಸಿಂಗಲ್ಟನ್ ಆಗಿರುವುದರಿಂದ ಅಲ್ಲಿ ಪ್ರತಿ ಸುತ್ತಿಗೂ ಸ್ಕೋಪ್ ಫ್ಯಾಕ್ಟರಿಯಿಂದ ಒಂದು ಸ್ಕೋಪ್ ತೆರೆಯಬೇಕು, ಅಥವಾ ಎಂಟಿಟಿ ಫ್ರೇಮ್‌ವರ್ಕ್ ಕೋರ್ 5.0ರಿಂದ ಬಂದಿರುವ ಡಿಬಿ ಕಾಂಟೆಕ್ಸ್ಟ್ ಫ್ಯಾಕ್ಟರಿಯನ್ನು ಬಳಸಬೇಕು.

ಸ್ಪ್ರಿಂಗ್ ಬೂಟ್ ತಾನಾಗಿ ಬಳಸುವ ಹಿಕಾರಿ ಪೂಲಿನಲ್ಲಿ (ತೆರೆದಿಟ್ಟ ಕನೆಕ್ಷನ್‌ಗಳ ಸಂಗ್ರಹ) ಕನೆಕ್ಷನ್‌ಗಳ ಗರಿಷ್ಠ ಸಂಖ್ಯೆ 10, ಕಾಯುವ ಅವಧಿ 30 ಸೆಕೆಂಡ್. ಪೋಸ್ಟ್‌ಗ್ರೆಸ್ ಬದಲಾಯಿಸದಿದ್ದರೆ ಒಟ್ಟು 100 ಕನೆಕ್ಷನ್ ಸ್ವೀಕರಿಸುತ್ತದೆ. ತಂತ್ರಾಂಶದ ಮೂರು ಪ್ರತಿಗಳನ್ನು ಓಡಿಸಿ ಪ್ರತಿಯೊಂದಕ್ಕೂ 40 ಎಂದು ಬರೆದರೆ ಮಿತಿ ಮೀರುತ್ತದೆ. ರಿಕ್ವೈರ್ಸ್ ನ್ಯೂ (ತನಗೆ ಬೇರೆಯೇ ಹೊಸ ಟ್ರಾನ್ಸಾಕ್ಷನ್ ಬೇಕೆಂಬ ಸೂಚನೆ) ಬಳಸಿದ ಮೆಥಡ್, ಹೊರಗಿನ ಟ್ರಾನ್ಸಾಕ್ಷನ್ ಹಿಡಿದಿರುವ ಕನೆಕ್ಷನ್ನಿನ ಜೊತೆಗೆ ಇನ್ನೊಂದನ್ನು ಕೇಳುತ್ತದೆ. ಹತ್ತು ರಿಕ್ವೆಸ್ಟುಗಳು ಒಂದೊಂದನ್ನು ಹಿಡಿದು ಎರಡನೆಯದಕ್ಕೆ ಕಾದರೆ ಎಲ್ಲರೂ ನಿಲ್ಲುತ್ತಾರೆ.

ಹಂತ 9: ಪರೀಕ್ಷೆ

ಕನ್‌ಸ್ಟ್ರಕ್ಟರ್ ಮೂಲಕ ಪಡೆದ ಅವಲಂಬನೆಗಳ ಫಲ ಇಲ್ಲಿ ಸಿಗುತ್ತದೆ. ಬೆಲೆಯ ನಿಯಮ, ಅವಧಿಯ ನಿಯಮಗಳನ್ನು ಡೇಟಾಬೇಸೂ ಇಲ್ಲದೆ, ಕಂಟೈನರೂ ಇಲ್ಲದೆ, ನಿಲ್ಲಿಸಿದ ಕ್ಲಾಕ್ ಮತ್ತು ನಕಲಿ ರೆಪೊಸಿಟರಿ ಕೊಟ್ಟು ಪರೀಕ್ಷಿಸಬಹುದು. ಆದರೆ ಮ್ಯಾಪಿಂಗ್, ಲಾಕ್, ನಿರ್ಬಂಧಗಳನ್ನು ನಕಲಿ ರೆಪೊಸಿಟರಿ ಪರೀಕ್ಷಿಸಲಾರದು. ಅದಕ್ಕೆ ಎಚ್2ನಂಥ ಮೆಮೊರಿ ಡೇಟಾಬೇಸ್ ಬಳಸುವುದಕ್ಕಿಂತ ಟೆಸ್ಟ್‌ಕಂಟೈನರ್ಸ್ ಎಂಬ ಪರೀಕ್ಷಾ ಲೈಬ್ರರಿಯ ಮೂಲಕ ನಿಜವಾದ ಪೋಸ್ಟ್‌ಗ್ರೆಸನ್ನೇ ಎಬ್ಬಿಸಿ, ಏಕೆಂದರೆ ಲಾಕುಗಳ ನಡವಳಿಕೆ ಡೇಟಾಬೇಸಿನಿಂದ ಡೇಟಾಬೇಸಿಗೆ ಬೇರೆ. ಡೇಟಾ ಜೆಪಿಎ ಟೆಸ್ಟ್ ಎಂಬ ಗುರುತು ಪ್ರತಿ ಪರೀಕ್ಷೆಯ ಕೊನೆಗೆ ರೋಲ್‌ಬ್ಯಾಕ್ ಮಾಡುವುದರಿಂದ ಕಮಿಟ್ ಸಮಯದ ದೋಷಗಳು ಅಲ್ಲಿ ಅಡಗಿ ಉಳಿಯಬಹುದು. ಎಂಟಿಟಿ ಉಳಿಸಿದ ನಂತರ ಫ್ಲಶ್ ಮತ್ತು ಕ್ಲಿಯರ್ ಎರಡನ್ನೂ ಕರೆದು ಮತ್ತೆ ಓದಿ ನೋಡಿ.

ಕೊನೆಯದಾಗಿ, ಒಂದು ಲಾಟನ್ನು ಸೃಷ್ಟಿಸಿ ಇಪ್ಪತ್ತು ಥ್ರೆಡ್ಡುಗಳಿಂದ ಏಕಕಾಲಕ್ಕೆ ಬೇರೆ ಬೇರೆ ಬೆಲೆ ಹಾಕಿಸುವ ಪರೀಕ್ಷೆಯನ್ನು ತಪ್ಪದೆ ಬರೆಯಿರಿ. ಎಲ್ಲ ಮುಗಿದ ಮೇಲೆ ಲಾಟಿನ ಗರಿಷ್ಠ ಬೆಲೆ ಆ ಇಪ್ಪತ್ತರಲ್ಲಿ ಅತಿ ದೊಡ್ಡದೇ ಆಗಿರಬೇಕು, ಮತ್ತು ಸ್ವೀಕೃತವಾದ ಬಿಡ್‌ಗಳು ಒಂದಕ್ಕಿಂತ ಒಂದು ಹೆಚ್ಚಾಗುತ್ತ ಹೋಗಿರಬೇಕು. ಈ ಪರೀಕ್ಷಾ ಮೆಥಡ್ಡಿಗೆ ಟ್ರಾನ್ಸಾಕ್ಷನಲ್ ಗುರುತು ಹಾಕಬೇಡಿ. ಹಾಕಿದರೆ, ಪರೀಕ್ಷೆಯ ಥ್ರೆಡ್ಡಿನಲ್ಲಿ ಸೃಷ್ಟಿಯಾದ ಲಾಟ್ ಕಮಿಟ್ ಆಗದೆ ಉಳಿದು, ಬಿಡ್ ಹಾಕುವ ಇಪ್ಪತ್ತು ಥ್ರೆಡ್ಡುಗಳಿಗೆ ಅದು ಕಾಣಿಸುವುದೇ ಇಲ್ಲ. ಗುರುತು ಇಲ್ಲದಿರುವುದರಿಂದ ಪರೀಕ್ಷೆಯ ಕೊನೆಗೆ ಸಾಲುಗಳನ್ನು ನೀವೇ ಅಳಿಸಬೇಕಾಗುತ್ತದೆ; ಮೊದಲು ಬಿಡ್‌ಗಳು, ಆಮೇಲೆ ಲಾಟ್.